ಸುಣ್ಣದ ಬೊಟ್ಟು

ನಮ್ಮ ಮನೆಯ ಜಗಲಿಯ ಎಡಗಡೆಯ ಕಂಬದ ತುಂಬ ಸುಣ್ಣದ ಬೊಟ್ಟುಗಳಿದ್ದವು. ಕೂತವರ ಕೈ ಎಟುಕುವ ಎತ್ತರದಲ್ಲಿ ಶುರುವಾಗಿ, ಕೆಳಗೆ ಬಂದ ಹಾಗೆ ಒತ್ತೊತ್ತಾಗಿ, ಒಂದರ ಮೇಲೊಂದು ಒಣಗಿ ಹಕ್ಕಳೆ ಕಟ್ಟಿದ್ದವು. ಅಜ್ಜಿ ಕವಳ ಹಾಕುವಾಗ ವೀಳ್ಯದೆಲೆಗೆ ಸವರಿ ಬೆರಳಲ್ಲಿ ಉಳಿದ ಸುಣ್ಣವನ್ನು ಆ ಕಂಬಕ್ಕೆ ಒರೆಸುತ್ತಿದ್ದಳು. ಅದರ ಬುಡದಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ, ಅಪ್ಪ ಕೂಡ. ಅವಳ ಬಲಗಡೆ ಎಲೆ ಅಡಿಕೆಯ ಚೀಲ, ಎಡಗಡೆ ಹಿತ್ತಾಳೆಯ ಸುಣ್ಣದ ಡಬ್ಬಿ. ಡಬ್ಬಿ ನನ್ನ ಮುಷ್ಟಿಗಿಂತ ದೊಡ್ಡದು, ಎತ್ತಿದರೆ ಕೈ ಸೋಲುವಷ್ಟು ಭಾರ. ಅದರ ಮುಚ್ಚಳ ಒಂದು ಬದಿಗೆ ತಗ್ಗಿತ್ತು, ಸರಿಯಾಗಿ ಕೂರುತ್ತಿರಲಿಲ್ಲ. ಯಾಕೆ ತಗ್ಗಿತು ಎಂದು ನಾನು ಎಂದೂ ಕೇಳಲಿಲ್ಲ. ಕಣ್ಣು ಬಿಟ್ಟಾಗಿನಿಂದ ನೋಡಿದ ಸಾಮಾನು ಇರಬೇಕಾದದ್ದೇ ಹಾಗೆ ಎಂದು ಮಕ್ಕಳು ತಿಳಿದಿರುತ್ತಾರೆ.

ಹೊನ್ನಾವರದಲ್ಲಿ ಹೊಳೆ ಕಡಲಿಗೆ ಸೇರುವ ಕಡೆಯ ಕೇರಿ ನಮ್ಮದು. ಅಪ್ಪ ದೋಣಿಗೆ ಹೋಗುತ್ತಿದ್ದ, ಅಜ್ಜಿ ಪೇಟೆಯಲ್ಲಿ ಮೀನು ಮಾರುತ್ತಿದ್ದಳು, ಅವ್ವಿ, ನನ್ನ ತಾಯಿ, ಮನೆಯಲ್ಲಿ ಮೀನು ಸೀಳಿ ಉಪ್ಪು ಹಾಕಿ ಒಣಗಿಸುತ್ತಿದ್ದಳು. ಅವ್ವಿ ಕುಮಟೆಯ ಕಡೆಯ ಹಳ್ಳಿಯವಳು. ಜಗಲಿ ದಾಟಿದರೆ ನಡುಮನೆ, ಅದರಾಚೆ ಹೊಗೆ ಹಿಡಿದ ಅಡಿಗೆಮನೆ, ಹಿಂದೆ ಬಾವಿ. ಅಜ್ಜಿಯ ಆಳ್ವಿಕೆ ಜಗಲಿಯಿಂದ ಬಾವಿಯವರೆಗೆ. ಸಾರಿನ ಮಡಕೆಗೆ ಸೌಟು ಹಾಕುವುದು ಅವಳೇ. ಅಪ್ಪನಿಗೆ ನಡುವಿನ ತುಂಡು, ಅಪ್ಪನ ತಂಗಿ ಶಾರದತ್ತೆಗೆ ಬಾಲದ ಕಡೆಯದು, ನನಗೆ ಮುಳ್ಳು ಬಿಡಿಸಿದ ಸಣ್ಣ ಚೂರು. ಅವ್ವಿ ಕೊನೆಗೆ ಉಣ್ಣುತ್ತಿದ್ದಳು. ಅವಳ ಬಟ್ಟಲಿಗೆ ಬೀಳುತ್ತಿದ್ದದ್ದು ತಲೆ ಮತ್ತು ಸಾರು. ಇದಿಷ್ಟು ನಾನು ಕಣ್ಣಾರೆ ನೋಡಿದ್ದು. ಮುಂದೆ ಕುಮಟೆಯ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಟೈಪು ಮಾಡುವ ಕೆಲಸ ನನ್ನದಾಯಿತು. ನೋಡಿದ್ದು ಯಾವುದು, ಯಾರೋ ಹೇಳಿ ಕೇಳಿದ್ದು ಯಾವುದು ಎಂದು ಬೇರೆ ಮಾಡುವುದು ಅಲ್ಲಿ ಬೆರಳಿಗೆ ಹತ್ತಿದ ರೂಢಿ. ಇಲ್ಲಿಯೂ ಅದನ್ನೇ ಪಾಲಿಸುತ್ತೇನೆ. ಸಿಟ್ಟಿನಲ್ಲಿ ಬರೆಯುವವರಿಗೆ ಆ ರೂಢಿ ಇರಬೇಕು.

ನನ್ನ ಮುಂದಿನ ಎರಡು ದೊಡ್ಡ ಹಲ್ಲುಗಳು ಎರಡನೇ ಇಯತ್ತೆಯಲ್ಲಿದ್ದಾಗ ಬಂದವು. ಬಲಗಡೆಯದು ಸರಿಯಾಗಿತ್ತು. ಎಡಗಡೆಯದರ ನಡುವೆ ಅರ್ಧ ಅಕ್ಕಿಕಾಳಿನಷ್ಟು ಬಿಳಿ ಕಲೆ. ಹಲ್ಲಿನ ಬಿಳುಪಲ್ಲ ಅದು. ಹೊಳಪಿಲ್ಲದ, ಗೋಡೆಗೆ ಬಳಿದದ್ದರ ಹಾಗಿನ ಬಿಳುಪು. ಅಜ್ಜಿ ನನ್ನನ್ನು ಬೆಳಕಿಗೆ ಎಳೆದು, ಹೆಬ್ಬೆರಳಿನಿಂದ ತುಟಿಯನ್ನು ಮೂಗಿನವರೆಗೆ ಎತ್ತಿ ನೋಡಿದಳು. ಅವಳ ಬೆರಳಿಗೆ ಅಡಿಕೆಯ ವಾಸನೆ ಇತ್ತು.

“ಇದು ಸುಣ್ಣವೇ ಸೈ. ಇವಳ ಅವ್ವಿ ಬಸುರಿಯಲ್ಲಿ ಈ ಕಂಬ ನೆಕ್ಕಿದ್ಲಲ್ಲ, ಅದೇ ಬಂದು ಹಲ್ಲಲ್ಲಿ ಕೂತದೆ.”

ಶಾರದತ್ತೆಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಬಾಗಿಲ ಹತ್ತಿರ ಜಡೆ ಹಾಕಿಕೊಳ್ಳುತ್ತ ನಿಂತಿದ್ದಳು. ನಕ್ಕಳು.

“ಹಾಂಗಾರೆ ಇವಳಿಗೆ ಸುಣ್ಣದಬೊಟ್ಟು ಅಂತ್ಲೇ ಕರೆಯುವಾ.”

ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಹೋಯಿತು. ಒಂದು ವಾರದಲ್ಲಿ ಕೇರಿಗೆ, ತಿಂಗಳಲ್ಲಿ ಶಾಲೆಗೆ ಮುಟ್ಟಿತು. ಅವ್ವಿಗೆ ಬೇರೆ ಹೆಸರು ಇಡಲಿಲ್ಲ, ಆದರೆ ಊಟದ ಹೊತ್ತಿಗೆ ಒಂದು ಮಾತು ತಪ್ಪದೆ ಬರುತ್ತಿತ್ತು.

“ಇವಳಿಗೆ ಮೀನು ಎಂತಕ್ಕೆ? ಕಂಬ ಅದ್ಯಲ್ಲ, ನೆಕ್ಲಿ.”

ಮದ್ದು ಮರುದಿನವೇ ಶುರುವಾಯಿತು. ಬೊಂಡಾಸವೆಂಬ ಮೆದು ಮೈಯ ಕಡಲಪ್ರಾಣಿಯ ಒಳಗಿನ ಬಿಳಿ ಎಲುಬು ದಂಡೆಗೆ ಬಂದು ಬಿದ್ದಿರುತ್ತದೆ, ಹಗುರ, ಉಜ್ಜಿದರೆ ಪುಡಿಯಾಗುತ್ತದೆ. ಆ ಪುಡಿಗೆ ಉಪ್ಪು, ಕರಟದ ಮಸಿ ಸೇರಿಸಿ ಆ ಒಂದು ಹಲ್ಲನ್ನು ತಿಕ್ಕಬೇಕು, ಕಲೆ ಹೋಗುವವರೆಗೆ. ತಿಕ್ಕಬೇಕಾದವಳು ಅವ್ವಿ. “ಮಾಡಿದವಳೇ ತೆಗೀಲಿ” ಎಂದು ಅಜ್ಜಿಯ ಅಪ್ಪಣೆ. ಬಾವಿಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಎಡಗೈಯಲ್ಲಿ ಗದ್ದ ಹಿಡಿದು ಅವಳು ತಿಕ್ಕುತ್ತಿದ್ದಳು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವ್ವಿಯ ಬೆರಳು ಮೆಲ್ಲಗಾದರೆ ಅಲ್ಲಿಂದ “ಹೂಂ” ಎನ್ನುವ ಸ್ವರ. ಬೆರಳು ಮತ್ತೆ ಜೋರಾಗುತ್ತಿತ್ತು. ವಸಡಿನಿಂದ ರಕ್ತ ಬರುತ್ತಿತ್ತು. ಕಲೆ ಇದ್ದಲ್ಲೇ ಇತ್ತು. ಅಪ್ಪ ಒಮ್ಮೆ, ಒಂದೇ ಒಮ್ಮೆ, ಬಲೆ ಹೆಗಲಿಗೇರಿಸುತ್ತ ಹೇಳಿದ.

“ಸಾಕು ಬಿಡಿ, ವಸಡು ಹರೀತದೆ.”

“ನೀ ಬಾಯಿ ಮುಚ್ಚು. ಗಂಡಸಿಗೆ ಹಲ್ಲಿನ ವಿಚಾರ ಎಂತ ಗೊತ್ತದೆ?”

ಅಪ್ಪ ಮುಚ್ಚಿದ. ಆ ವಿಷಯದಲ್ಲಿ ಸಾಯುವವರೆಗೂ ಅವನು ಬಾಯಿ ತೆರೆಯಲಿಲ್ಲ. ಅಂದು ನನಗೆ ಅವನ ಮೇಲೆ ಪ್ರೀತಿ ಉಕ್ಕಿತ್ತು. ಅವನು ಏನನ್ನು ಮುಚ್ಚಿಕೊಂಡಿದ್ದ ಎಂದು ಗೊತ್ತಾದ ಮೇಲೆ ಆ ಪ್ರೀತಿಯನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಈಗ ನನ್ನ ಪಾಲಿನದು. ಮಳೆಗಾಲ ಮುಗಿದ ಒಂದು ಬೆಳಿಗ್ಗೆ, ಉಪ್ಪು ತಾಗಿ ವಸಡು ಉರಿಯುತ್ತಿದ್ದಾಗ, ನಾನು ಅವ್ವಿಯ ಬೆರಳನ್ನು ಕಚ್ಚಿದೆ. ಹಲ್ಲು ಎಲುಬಿಗೆ ತಾಗುವಷ್ಟು ಕಚ್ಚಿದೆ. ಆಮೇಲೆ ಅಜ್ಜಿಗೆ ಕೇಳಲಿ ಎಂದೇ ದೊಡ್ಡದಾಗಿ ಹೇಳಿದೆ.

“ನೀ ಸುಣ್ಣ ತಿಂದದ್ದಕ್ಕೇ ನಂಗೆ ಹೀಂಗಾತು. ನೀ ಕಳ್ಳಿ.”

ಅಜ್ಜಿ ಬಾಗಿಲಲ್ಲಿ ನಕ್ಕಳು. ಅವ್ವಿ ಬೆರಳನ್ನು ನೀರಿನ ಕೊಡಕ್ಕೆ ಅದ್ದಿ, ಸೆರಗಿಗೆ ಒರೆಸಿ, ಮತ್ತೆ ತಿಕ್ಕಲು ಶುರು ಮಾಡಿದಳು. ಅವಳ ಮುಖ ನನಗೆ ನೆನಪಿಲ್ಲ. ನಾನು ನೋಡಿರಲಿಕ್ಕಿಲ್ಲ.

ಅವ್ವಿಯೂ ಕವಳ ಹಾಕುತ್ತಿದ್ದಳು. ನಮ್ಮ ಕಡೆ ಮೀನಿನ ಕೆಲಸ ಮಾಡುವ ಹೆಂಗಸರಲ್ಲಿ ಕವಳ ಹಾಕದವರು ಕಡಿಮೆ. ಆದರೆ ನನ್ನ ಹಲ್ಲು ಬಂದ ಆ ದಿನದಿಂದ ಅವಳು ಸುಣ್ಣ ಮುಟ್ಟಲಿಲ್ಲ. ಎಲೆ, ಅಡಿಕೆ, ಚೂರು ಹೊಗೆಸೊಪ್ಪು, ಅಷ್ಟೇ. ಸುಣ್ಣವಿಲ್ಲದ ಕವಳ ಬಾಯಲ್ಲಿ ಕೆಂಪಾಗುವುದಿಲ್ಲ, ಹಸಿರು ರಸ ಬರುತ್ತದೆ. ಮೀನು ಒಣಗಿಸುವ ಕಡೆ ಹೆಂಗಸರು ಅವಳನ್ನು ಕೆಣಕುತ್ತಿದ್ದರು. “ಎಂತದೇ ಮಾರಾಯ್ತಿ, ದನ ಹುಲ್ಲು ತಿಂದಾಂಗೆ ತಿಂತೆ?” ಅವಳು ನಗುತ್ತಿದ್ದಳು. ಅವಳು ಸುಣ್ಣ ಬಿಟ್ಟದ್ದು ತಪ್ಪು ಒಪ್ಪಿಕೊಂಡಂತೆ ಎಂದು ನಾನು ತಿಳಿದೆ. ಮನೆಯವರೆಲ್ಲ ಹಾಗೇ ತಿಳಿದರು. ಅಜ್ಜಿ ಅದನ್ನು ಬಾಯಿಬಿಟ್ಟೇ ಹೇಳುತ್ತಿದ್ದಳು.

ಆ ಹಲ್ಲು ನನ್ನನ್ನು ಹೇಗೆ ಮಾಡಿತು ಎಂದು ಎರಡು ಮಾತಿನಲ್ಲಿ ಹೇಳುತ್ತೇನೆ. ನಗುವಾಗ ಬಲಗೈ ತಾನಾಗಿ ಬಾಯಿಗೆ ಹೋಗುತ್ತದೆ, ಇವತ್ತಿಗೂ. ಶಾಲೆಯ ಗುಂಪು ಫೋಟೋದಲ್ಲಿ, ಮದುವೆಯ ಫೋಟೋದಲ್ಲಿ, ನನ್ನ ತುಟಿ ಹೊಲಿದ ಹಾಗಿದೆ. ಹೆಣ್ಣು ನೋಡಲು ಬಂದವರ ಎದುರು ನಾನು ಬಾಯಿ ತೆರೆಯಲಿಲ್ಲ. “ಹುಡುಗಿ ಗಂಭೀರ” ಎಂದು ಅವರು ಮೆಚ್ಚಿದರು. ಕೋರ್ಟಿನಲ್ಲಿ ಮಾತು ಬೇಡದ ಕೆಲಸ ಸಿಕ್ಕಿತು, ಅದನ್ನು ದೇವರು ಕೊಟ್ಟದ್ದು ಎಂದುಕೊಂಡೆ. ಅಜ್ಜಿ ಸತ್ತಳು. ಅಪ್ಪ ಸತ್ತ. ಅವ್ವಿಯನ್ನು ಕುಮಟೆಗೆ ನನ್ನ ಮನೆಗೆ ಕರೆತಂದೆ. ಕಂಬದ ಮನೆಯನ್ನು ಕೆಡವಿದರು. ನಾವು ತಾಯಿ ಮಗಳು ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಸುಣ್ಣದ ಮಾತು ಎತ್ತಲಿಲ್ಲ.

ನಿವೃತ್ತಿಯಾದ ವರ್ಷ ದವಡೆಯ ಹಲ್ಲು ನೋವಿಗೆಂದು ಕುಮಟೆಯಲ್ಲೇ ಒಬ್ಬ ದಂತವೈದ್ಯೆಯ ಹತ್ತಿರ ಹೋದೆ. ಸಂತೆಗುಳಿ ಕಡೆಯ ಹುಡುಗಿ, ನನ್ನ ಮಗಳ ಪ್ರಾಯ. ದವಡೆಯ ಕೆಲಸ ಮುಗಿಸಿ ದೀಪವನ್ನು ಮುಂದಿನ ಹಲ್ಲಿಗೆ ತಿರುಗಿಸಿದಳು.

“ಆಂಟಿ, ಈ ಬಿಳಿ ಕಲೆ ಮೊದಲಿಂದಲೂ ಇದೆಯಾ?”

“ಹುಟ್ಟಿದಾಗಿಂದ. ನಮ್ಮ ಅವ್ವಿ ಬಸುರಿಯಲ್ಲಿ ಸುಣ್ಣ ತಿಂದಿದ್ಲಂತೆ.”

ಅರವತ್ತು ದಾಟಿದ ಬಾಯಿಂದ, ವೈದ್ಯೆಯ ಎದುರು, ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಮೈ ಉರಿಯುತ್ತದೆ. ಅವಳು ಕೈಗವಸು ಬಿಚ್ಚುತ್ತ ನಕ್ಕಳು.

“ಸುಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಆಂಟಿ. ನೀವು ಹೊಟ್ಟೆಯಲ್ಲಿದ್ದಾಗ ಈ ಹಲ್ಲಿನ ಹೊರಗಿನ ಗಟ್ಟಿ ಪದರ ಶುರುವೇ ಆಗಿರಲಿಲ್ಲ. ಅದು ಕಟ್ಟೋದಕ್ಕೆ ಶುರುವಾಗೋದು ಹುಟ್ಟಿ ಮೂರ್ನಾಲ್ಕು ತಿಂಗಳಾದ ಮೇಲೆ.”

ನಾನು ಕುರ್ಚಿಯಿಂದ ಏಳಲಿಲ್ಲ. ಮತ್ತೆ ಯಾವುದರಿಂದ ಬರುತ್ತದೆ ಎಂದು ಕೇಳಿದೆ. ಅವಳು ಸಮಾಧಾನದಿಂದ ಹೇಳಿದಳು. ಕೆಲವು ಊರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಬರುತ್ತದೆ, ಆದರೆ ಹಾಗೆ ಬಂದದ್ದು ಎರಡೂ ಬದಿಯ ಹಲ್ಲುಗಳಲ್ಲಿ ಕಾಣುತ್ತದೆ. ಎಳೆ ಮಕ್ಕಳಿಗೆ ಜೋರು ಜ್ವರ ಬಂದರೆ ಆಗಬಹುದು, ಆಗಲೂ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಹಲ್ಲಿಗೆ. ಹಲ್ಲು ಸರಿಯಾಗಿ ಉಜ್ಜದೆ ಹುಳುಕು ಶುರುವಾಗುವಾಗಲೂ ವಸಡಿನ ಅಂಚಿಗೆ ಬಿಳಿ ಗೆರೆ ಏಳುತ್ತದೆ. ಇದು ಅದಲ್ಲ.

“ಒಂದೇ ಹಲ್ಲಿಗೆ, ಒಂದೇ ಕಲೆ ಅಂದ್ರೆ, ಹೆಚ್ಚಾಗಿ ಹಾಲುಹಲ್ಲಿಗೆ ಪೆಟ್ಟು ಬಿದ್ದಿರತ್ತೆ. ಅದರ ಬೇರಿನ ಮೇಲೇ ಈ ಹಲ್ಲು ಬೆಳೀತಾ ಇರತ್ತೆ ನೋಡಿ. ಪ್ರಮಾಣ ಮಾಡಿ ಹೇಳೋಕಾಗಲ್ಲ. ಸಣ್ಣವರಿದ್ದಾಗ ಎಲ್ಲಾದ್ರೂ ಬಿದ್ದಿದ್ರಾ?”

“ಎರಡೂವರೆ ವರ್ಷಕ್ಕೆ ದೋಣಿಯ ಅಂಚಿಗೆ ಬಿದ್ದೆ ಅಂತಿದ್ರು. ಹಾಲುಹಲ್ಲು ಆಗಲೇ ಹೋಗಿತ್ತಂತೆ.”

“ಹಾಂಗಾದ್ರೆ ಅದೇ ಇರಬೇಕು. ಆದ್ರೆ ಇದನ್ನ ಯಾರೋ ಎಂತದ್ರಲ್ಲೋ ತುಂಬ ತಿಕ್ಕಿದ್ದಾರೆ. ಪದರ ತೆಳ್ಳಗಾಗಿದೆ. ಕಲೆ ಒಳಗಿನದು, ತಿಕ್ಕಿದರೆ ಹೋಗಲ್ಲ.”

ರಿಕ್ಷಾ ಹಿಡಿಯದೆ ನಡೆದೇ ಮನೆಗೆ ಹೊರಟೆ. ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ದೋಣಿಯ ಅಂಚಿಗೆ ಬಿದ್ದೆ ಎಂಬುದು ನಾನು ಕೇಳಿದ್ದು, ನೋಡಿದ್ದಲ್ಲ. ನಮ್ಮ ದೋಣಿಯನ್ನು ಹೆಣ್ಣುಮಕ್ಕಳು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮೀನು ಸಿಗುವುದಿಲ್ಲವೆಂದು ಅಜ್ಜಿಯ ಕಟ್ಟಪ್ಪಣೆ. ದಂಡೆಯಲ್ಲಿ ದೋಣಿ ಇದ್ದರೆ ನಾವು ಹತ್ತು ಮಾರು ದೂರದಿಂದ ಸುತ್ತಿ ಹೋಗುತ್ತಿದ್ದೆವು. ಎರಡೂವರೆ ವರ್ಷದ ಹೆಣ್ಣುಮಗುವನ್ನು ಅದರ ಅಂಚಿನವರೆಗೆ ಬಿಟ್ಟವರು ಯಾರು? ಸುಳ್ಳು ಕಟ್ಟುವಾಗ ಅವರು ತಮ್ಮ ಮನೆಯ ಕಟ್ಟಳೆಯನ್ನೇ ಮರೆತಿದ್ದರು. ಸುಳ್ಳು ಹೇಳಿಕೆಗಳನ್ನು ಅಷ್ಟು ವರ್ಷ ಟೈಪು ಮಾಡಿದ ನಾನು ಅದನ್ನು ಗಮನಿಸಿರಲಿಲ್ಲ.

ಅವ್ವಿ ಹಿಂದಿನ ಮೆಟ್ಟಿಲ ಮೇಲೆ ಕೂತು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಅವಳ ಬಾಯಲ್ಲಿ ಈಗ ಹಲ್ಲಿಲ್ಲ.

“ಅವ್ವಿ, ನಾ ಸಣ್ಣವಳಿದ್ದಾಗ ಬಿದ್ದದ್ದು ಯಾವ ದೋಣಿಗೆ?”

“ಯಾವ ದೋಣಿಗೂ ಅಲ್ಲ.”

ಕುಟ್ಟುವುದನ್ನು ನಿಲ್ಲಿಸದೆ ಹೇಳಿದಳು. ಆಮೇಲೆ ನಿಲ್ಲಿಸಿದಳು.

“ಸೊಂಟದ ಮೇಲೆ ನಿನ್ನ ಎತ್ಕಂಡಿದ್ದೆ. ನನ್ನ ಅಪ್ಪಂಗೆ ಹುಷಾರಿಲ್ಲ, ಎರಡು ದಿನ ಹೋಗಿ ಬತ್ತೆ ಅಂದೆ. ಮೀನು ಯಾರು ಒಣಗ್ಸೂದು, ನಿನ್ನಪ್ಪ ಬತ್ತ್ನಾ ಅಂದ್ರು ನಿನ್ನ ಅಜ್ಜಿ. ನಾ ತಿರುಗಿ ಒಂದು ಮಾತು ಆಡ್ದೆ. ಡಬ್ಬಿ ಬಂತು. ನಂಗೇ ಬಿಸಾಡಿದ್ದು. ನಾ ಬಗ್ದೆ. ಬಗ್ಗದಿದ್ರೆ ನಂಗೇ ತಾಗ್ತಿತ್ತು. ಬಗ್ದೆ, ನಿಂಗೆ ತಾಗ್ತು.”

ಹಲ್ಲು ಮುರಿದಿರಲಿಲ್ಲವಂತೆ, ವಸಡಿನೊಳಗೆ ಮೇಲಕ್ಕೆ ಹೊಕ್ಕಿತ್ತಂತೆ. ಮುಚ್ಚಳ ತೆರೆದು ಸುಣ್ಣ ನನ್ನ ಬಾಯಿಗೇ ಬಿದ್ದಿತ್ತು. ಬಾವಿಕಟ್ಟೆಯಲ್ಲಿ ಕೂತು, ರಕ್ತ ಸುಣ್ಣ ಎರಡನ್ನೂ ಬೆರಳಿನಿಂದ ಬಳಿದು ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿದವಳು ಅವ್ವಿ. ಅದೇ ಬಾವಿಕಟ್ಟೆ. ಅದೇ ಬೆರಳು. ಅಪ್ಪ ಜಗಲಿಯಲ್ಲಿದ್ದ. ಶಾರದತ್ತೆ ಬಾಗಿಲಲ್ಲಿದ್ದಳು. ದೋಣಿಯ ಕತೆ ಹೇಳಿಕೊಟ್ಟವಳು ಅಜ್ಜಿ. ಆ ಮೂವರಿಗೂ ಗೊತ್ತಿತ್ತು. ಗೊತ್ತಿದ್ದೂ ನಾಲ್ಕೈದು ವರ್ಷದ ಮೇಲೆ ಅದೇ ಜಾಗದಲ್ಲಿ ಬಂದ ಹಲ್ಲಿನ ಕಲೆಯನ್ನು ಅವ್ವಿಯ ತಲೆಗೆ ಕಟ್ಟಿದರು.

“ನೀ ಯಾಕೆ ಹೇಳ್ಲಿಲ್ಲ ಅವ್ವಿ? ಅಜ್ಜಿ ಹೋದ ಮೇಲಾದ್ರೂ?”

“ಹೇಳಿ ಎಂತ ಮಾಡೂದು? ನೀನೂ ಅವರ ಬದಿಗೇ ಇದ್ದೆ.” ಇದನ್ನು ಸಿಟ್ಟಿಲ್ಲದೆ ಹೇಳಿದಳು. “ಮತ್ತೆ ನೆಕ್ಕಿದ್ದು ಸುಳ್ಳಲ್ಲ. ನೀ ಹೊಟ್ಟೆಲಿದ್ದೆ, ಬಾಯಿ ಚಪ್ಪೆ ಆಗಿತ್ತು. ಒಂದೇ ಬೊಟ್ಟು ತೆಗೆದು ನೆಕ್ಕಿದ್ದೆ. ಡಬ್ಬಿ ತಾಗಿದ್ದು ಹಾಲುಹಲ್ಲಿಗಲ್ಲನೇ? ಅದು ಬಿದ್ದೇ ಹೋತು. ಹೊಸ ಹಲ್ಲಿಗೆ ಬಂದದ್ದು ಆ ಒಂದು ಬೊಟ್ಟಿಂದ್ಲೇ ಇರೂಕು.”

ಅಂದರೆ ಅವಳೂ ನಂಬಿದ್ದಳು. ಐವತ್ತು ವರ್ಷಕ್ಕೂ ಮೇಲೆ. ನನ್ನ ಸಿಟ್ಟು ಅಲ್ಲಿಯವರೆಗೆ ಆ ಮೂವರ ಮೇಲಿತ್ತು, ಅದಕ್ಕೆ ಒಂದು ಮಿತಿ ಇತ್ತು. ಈಗ ಮಿತಿ ಇಲ್ಲವಾಯಿತು. ವೈದ್ಯೆ ಹೇಳಿದ್ದನ್ನು ವಿವರಿಸಿದೆ. ಅವ್ವಿ ಕೇಳಿಸಿಕೊಂಡು, “ಸಣ್ಣ ಪ್ರಾಯದ ಡಾಕ್ಟ್ರು ಅಲ್ಲನೇ? ಅವರಿಗೆ ನಮ್ಮ ಕಂಬದ ವಿಚಾರ ಎಂತ ಗೊತ್ತದೆ?” ಎಂದು ಕುಟ್ಟಾಣಿ ಎತ್ತಿಕೊಂಡಳು.

ಮುಂದಿನ ವಾರ ಕಲೆಯನ್ನು ತೆಗೆಸಿಕೊಂಡೆ. ಸಾಕ್ಷಿಯೆಂದು ಅದನ್ನು ಬಾಯಲ್ಲಿ ಉಳಿಸಿಕೊಳ್ಳುವ ಶೋಕಿ ನನಗಿಲ್ಲ. ಮೇಲ್ಮೇಲಿನ ಕಲೆಯಾದರೆ ಖನಿಜದ ಪೇಸ್ಟು ಹಚ್ಚಿಯೂ ಮಂಕಾಗುತ್ತದಂತೆ. ನನ್ನದು ಆಳದ್ದು, ಅದಕ್ಕೇ ಸ್ವಲ್ಪ ಕೆರೆದು ಹಲ್ಲಿನ ಬಣ್ಣದ್ದನ್ನು ತುಂಬಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿದರು. ನೋವಾಗಲಿಲ್ಲ. ಒಂದು ತಾಸೂ ಆಗಲಿಲ್ಲ. ಕನ್ನಡಿ ಕೊಟ್ಟಾಗ ನನಗೆ ಸಂತೋಷವಾಗಲಿಲ್ಲ, ಇಷ್ಟು ಸುಲಭವಿತ್ತೇ ಎಂದು ಹೊಟ್ಟೆ ಉರಿಯಿತು. ಹೊರಡುವ ಮೊದಲು ಅವಳಿಂದ ಒಂದು ಚೀಟಿ ಬರೆಸಿಕೊಂಡೆ, ಕನ್ನಡದಲ್ಲಿ, ಕೆಳಗೆ ಸಹಿ ಹಾಕಿಸಿ. ಕೋರ್ಟಿನವಳಿಗೆ ಕಾಗದವಿಲ್ಲದೆ ನಡೆಯುವುದಿಲ್ಲ.

ಅಲ್ಲಿಂದ ಭಟ್ಕಳಕ್ಕೆ ಹೋದೆ. ಶಾರದತ್ತೆ ಅಲ್ಲಿ ಮಗನ ಮನೆಯಲ್ಲಿದ್ದಾಳೆ. ಮದುವೆ ಮುಂಜಿಗಳಲ್ಲಿ ನನ್ನ ಹೆಸರಿನ ಕತೆಯನ್ನು ಇವತ್ತಿಗೂ ಹೇಳಿ ನಗಿಸುವವಳು ಅವಳೇ. ಬಾಗಿಲಲ್ಲೇ ನನ್ನ ಬಾಯಿ ನೋಡಿದಳು.

“ಅಯ್ಯೋ, ಬೊಟ್ಟು ಎಲ್ಲಿ ಹೋತೇ?”

“ತೆಗೆಸ್ದೆ. ಅತ್ತೆ, ಅಜ್ಜಿಯ ಡಬ್ಬಿ ನಿನ್ನ ಹತ್ರ ಅದ್ಯಲ್ಲ?”

ತಂದಳು. ಒಳಗೆ ಸೇಫ್ಟಿ ಪಿನ್ನು, ಗುಂಡಿ ತುಂಬಿದ್ದಳು. ಮುಚ್ಚಳ ಇನ್ನೂ ಕೂರುತ್ತಿರಲಿಲ್ಲ. ತಗ್ಗಿದ ಜಾಗದ ಮೇಲೆ ಬೆರಳಿಟ್ಟು, ಇದು ಹೇಗಾಯಿತು ಎಂದು ಕೇಳಿದೆ.

“ನಿನ್ನ ಬಾಯಿಗೆ ತಾಗಿ ಕಲ್ಲಿನ ಮೇಲೆ ಬಿತ್ತಲ್ಲ, ಅದಕ್ಕೆ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ನೀ ನೋಡಿದ್ಯಾ?”

“ನೋಡದೇ? ಬಾಗಿಲಲ್ಲೇ ಇದ್ದೆ.”

“ಮತ್ತೆ ಆ ಹೆಸರು ಯಾಕೆ ಇಟ್ಟೆ?”

“ತಮಾಷೆಗೆ ಮಾರಾಯ್ತಿ! ಮಕ್ಕಳಿಗೆ ಹೆಸರಿಡೂದಿಲ್ವಾ? ಇಷ್ಟು ವರ್ಷದ ಮೇಲೆ ಎಂತ ವಿಚಾರಣೆ ನಿಂದು?”

ನಾನು ಮನೆಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ನನಗೆ ಬೇಡ, ಅವ್ವಿಗೆ ಹೇಳು, ಒಂದೇ ಮಾತು ಸಾಕು ಎಂದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿದ್ದೇನೆ, ಅದನ್ನೂ ಬರೆಯಬೇಕು.

“ಅತ್ತಿಗೆ... ಊಟ ಆತಾ? ಹಾಂ, ಇಲ್ಲೇ ಇದ್ದಾಳೆ. ಕುಮಟೆಯಲ್ಲಿ ಬಂಗುಡೆ ಬಂತಾ? ಇಲ್ಲಿ ಎಂತದೂ ಇಲ್ಲ, ಬರೀ ತಾರ್ಲೆ ಮೀನು. ಆತು, ಇಡ್ತೆ ಹಾಂಗಾರೆ.”

ಫೋನು ನನ್ನ ಕೈಗೆ ಬಂತು. ಚಾ ಕುಡಿಯದೆ ಎದ್ದೆ. ಡಬ್ಬಿ ಕೊಡುತ್ತೇನೆ, ಬೇಕಾದರೆ ಒಯ್ಯಿ ಎಂದಳು. ಬೇಡ, ಗುಂಡಿ ತುಂಬಿಡು ಎಂದೆ.

ಮನೆಗೆ ಬಂದಾಗ ಅವ್ವಿ ಅದೇ ಮೆಟ್ಟಿಲ ಮೇಲಿದ್ದಳು. “ಶಾರದೆ ಎಂತದೋ ಹೇಳೂಕೆ ಹೊರಟು ಬಂಗುಡೆ ಸುದ್ದಿ ಮಾತಾಡಿ ಇಟ್ಳು” ಎಂದಳು. ಅವಳಿಗೆ ಎಲ್ಲ ಗೊತ್ತಾಗುತ್ತದೆ. ಡಬ್ಬಿ ತಗ್ಗಿದ್ದು ಹೇಗೆಂದು ಶಾರದತ್ತೆ ಬಾಯಿಬಿಟ್ಟಳು ಎಂದೆ. “ಅದು ನಂಗೆ ಗೊತ್ತಿದ್ದದ್ದೇ” ಎಂದಳು. ಆಗ ಚೀಟಿ ತೆಗೆದು ಕೋರ್ಟಿನಲ್ಲಿ ಓದುವ ಹಾಗೆ ಓದಿದೆ. ಈ ಹಲ್ಲಿನ ಹೊರಪದರ ಮಗು ಹುಟ್ಟಿದ ಮೇಲೆ ಕಟ್ಟಿದ್ದು. ತಾಯಿ ಬಸುರಿಯಲ್ಲಿ ತಿಂದ ಸುಣ್ಣದಿಂದ ಈ ಕಲೆ ಬಂದಿಲ್ಲ. ಹಾಲುಹಲ್ಲಿಗೆ ಬಿದ್ದ ಪೆಟ್ಟಿನಿಂದ ಬಂದಿರುವ ಸಾಧ್ಯತೆ ಹೆಚ್ಚು.

“ಹುಟ್ಟಿದ ಮೇಲೆಯಾ?”

“ಹುಟ್ಟಿದ ಮೇಲೆ.”

“ಇನ್ನೊಂದು ಸಲ ಓದು.”

ಮೂರು ಸಲ ಓದಿದೆ. ಬೆರಳು ಕಚ್ಚಿದ ಮಾತು ಎತ್ತಿದೆ. ಅವಳು ಕೈ ಬೀಸಿ ಅದನ್ನು ಆಚೆ ತಳ್ಳಿದಳು. ಒಂದು ಎಲೆಯನ್ನು ಸೆರಗಿಗೆ ಒರೆಸಿ ತೊಟ್ಟು ಮುರಿದಳು.

“ಒಂಚೂರು ಸುಣ್ಣ ಕೊಡು ಹಾಂಗಾರೆ.”

ಮನೆಯಲ್ಲಿ ಸುಣ್ಣ ಇರಲಿಲ್ಲ. ನಮ್ಮ ಮನೆಗೆ ಅದು ಬಂದೇ ಇರಲಿಲ್ಲ. ತಿರುವಿನ ಬೀಡಾ ಅಂಗಡಿಗೆ ಚಪ್ಪಲಿ ಹಾಕದೆ ಹೋಗಿ ತಂದೆ. ಎಲೆಗೆ ಕಡಲೆಕಾಳಿನಷ್ಟು ಸವರಿ ಕೊಟ್ಟೆ. ಅವಳು ಕುಟ್ಟಿದಳು, ಬಾಯಿಗೆ ಹಾಕಿಕೊಂಡಳು, ಹಲ್ಲಿಲ್ಲದ ವಸಡಿನಲ್ಲಿ ನಿಧಾನವಾಗಿ ಅಗಿದಳು. ರೂಢಿ ತಪ್ಪಿದ ಬಾಯಿ, ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು. ಅಂಗಳದ ಅಂಚಿಗೆ ಬಗ್ಗಿ ಉಗುಳಿದಳು. ಮಣ್ಣಿನ ಮೇಲೆ ಕೆಂಪು ಬಿತ್ತು. ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಇಷ್ಟೇಯಾ ಇದು?” ಎಂದಳು.